ಎದೆಹಾಲಿನ ಜಿಡ್ಡು, ಡಬ್ಬಿ ಹಾಲಿನ ಜಿಡ್ಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಉತ್ತರ ಕನ್ನಡ ಜಿಲ್ಲೆಯ ಓದುಗರಿಂದ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯದ ಸುತ್ತ ಇದ್ದುದರಿಂದ ಅವುಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಶಿಶುವಿನ ಆಹಾರದಲ್ಲಿ ಸಿಗುವ ಒಟ್ಟು ಶಕ್ತಿಯ ಸುಮಾರು ಅರ್ಧ ಭಾಗ ಕೊಬ್ಬಿನಿಂದಲೇ ಬರುವುದರಿಂದ ಈ ಪ್ರಶ್ನೆಗಳಿಗೆ ತುಸು ವಿಸ್ತಾರವಾಗಿಯೇ ಉತ್ತರಿಸಬೇಕಾಗಿದೆ.

ಪ್ರಶ್ನೆ: ನನ್ನ ಮಗುವಿಗೆ ಈಗ ಮೂರು ತಿಂಗಳು. ಕೆಲಸಕ್ಕೆ ಮರಳಿದ ಮೇಲೆ ಹಗಲಿನಲ್ಲಿ ಡಬ್ಬಿ ಹಾಲು, ರಾತ್ರಿ ಎದೆಹಾಲು ಕೊಡುತ್ತಿದ್ದೇನೆ. ಡಬ್ಬಿಯ ಹಿಂಬದಿಯನ್ನು ಓದಿದಾಗ ತಾಳೆ ಎಣ್ಣೆ, ಕೊಬ್ಬರಿ ಎಣ್ಣೆ, ಸೋಯಾ ಎಣ್ಣೆ, ಸೂರ್ಯಕಾಂತಿ ಎಣ್ಣೆ ಎಂದು ಬರೆದಿತ್ತು. ಕೂಸಿಗೆ ಒಗ್ಗರಣೆ ಎಣ್ಣೆ ಕುಡಿಸುತ್ತಿದ್ದೇನೆಯೇ ಎಂದು ಭಯವಾಯಿತು. ಡಬ್ಬಿ ಹಾಲು ಆರಂಭಿಸಿದ ಮೇಲೆ ಮಗುವಿನ ಮಲವೂ ಗಟ್ಟಿಯಾಗಿದೆ. ಎರಡು ಹಾಲುಗಳ ಕೊಬ್ಬಿನಲ್ಲಿ ನಿಜವಾದ ವ್ಯತ್ಯಾಸವೇನು?
— ಒಬ್ಬ ತಾಯಿ, ಕಾರವಾರ

ಉತ್ತರ: ಮೊದಲು ಪ್ರಮಾಣದ ಮಾತು. ಎದೆಹಾಲಿನ 100 ಮಿಲಿಲೀಟರಿನಲ್ಲಿ ಸರಾಸರಿ ಮೂರೂವರೆಯಿಂದ ನಾಲ್ಕೂವರೆ ಗ್ರಾಂ ಕೊಬ್ಬು ಇರುತ್ತದೆ. ಸರಿಯಾಗಿ ಕಲಸಿದ ಡಬ್ಬಿ ಹಾಲಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ, ಸುಮಾರು ಮೂರೂವರೆ ಗ್ರಾಂ. ಆದ್ದರಿಂದ ಒಂದರಲ್ಲಿ ಜಿಡ್ಡು ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಎಂಬ ಚಿಂತೆಗೆ ಕಾರಣವಿಲ್ಲ. ವ್ಯತ್ಯಾಸವಿರುವುದು ಆ ಕೊಬ್ಬು ಯಾವುದರಿಂದ ಆಗಿದೆ, ಹೇಗೆ ಜೋಡಣೆಗೊಂಡಿದೆ ಮತ್ತು ತನ್ನೊಡನೆ ಇನ್ನೇನನ್ನು ತರುತ್ತದೆ ಎಂಬುದರಲ್ಲಿ.

ಡಬ್ಬಿ ಹಾಲನ್ನು ತಯಾರಿಸುವಾಗ ಸಾಮಾನ್ಯವಾಗಿ ಹಸುವಿನ ಹಾಲಿನ ಕೆನೆಯನ್ನು ಪೂರ್ತಿಯಾಗಿ ಅಥವಾ ಭಾಗಶಃ ತೆಗೆದು, ಅದರ ಜಾಗದಲ್ಲಿ ಹಲವು ಸಸ್ಯಜನ್ಯ ಎಣ್ಣೆಗಳ ಮಿಶ್ರಣವನ್ನು ಸೇರಿಸುತ್ತಾರೆ. ಇದು ಕೇವಲ ಅಗ್ಗಕ್ಕಾಗಿ ಮಾಡುವ ಕೆಲಸವಲ್ಲ. ಹಸುವಿನ ಹಾಲಿನ ಕೊಬ್ಬಿನಲ್ಲಿ ಲಿನೋಲಿಕ್ ಆಮ್ಲ ಬಹಳ ಕಡಿಮೆ. ಇದು ದೇಹ ತಾನಾಗಿ ತಯಾರಿಸಿಕೊಳ್ಳಲಾರದ, ಶಿಶುವಿಗೆ ಅತ್ಯಗತ್ಯವಾದ ಕೊಬ್ಬಿನಾಮ್ಲ. ಸೋಯಾ ಮತ್ತು ಸೂರ್ಯಕಾಂತಿ ಎಣ್ಣೆಗಳಿಂದ ಇದು ದೊರೆಯುತ್ತದೆ. ತಾಳೆ ಎಣ್ಣೆಯಿಂದ ಪಾಲ್ಮಿಟಿಕ್ ಆಮ್ಲ, ಕೊಬ್ಬರಿ ಎಣ್ಣೆಯಿಂದ ಲಾರಿಕ್ ಆಮ್ಲ ಬರುತ್ತವೆ. ಈ ಮೂರೂ ಎದೆಹಾಲಿನಲ್ಲಿಯೂ ಇರುವಂಥವೇ. ಯಾವುದು ಎಷ್ಟಿರಬೇಕು ಎಂಬುದಕ್ಕೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಸಂಹಿತೆ ಮಿತಿಗಳನ್ನು ಹಾಕಿದೆ. 100 ಕಿಲೋ ಕ್ಯಾಲೊರಿಗೆ ಒಟ್ಟು ಕೊಬ್ಬು 4.4 ಗ್ರಾಂಗಿಂತ ಕಡಿಮೆಯಾಗಬಾರದು, 6 ಗ್ರಾಂ ಮೀರಬಾರದು. ಲಿನೋಲಿಕ್ ಆಮ್ಲ ಕನಿಷ್ಠ 300 ಮಿಲಿಗ್ರಾಂ ಇರಬೇಕು. ಲಾರಿಕ್ ಮತ್ತು ಮಿರಿಸ್ಟಿಕ್ ಆಮ್ಲಗಳು ಸೇರಿ ಒಟ್ಟು ಕೊಬ್ಬಿನಾಮ್ಲಗಳ ಶೇಕಡಾ 20ನ್ನು ದಾಟಬಾರದು. ವನಸ್ಪತಿಯಂತೆ ಹೈಡ್ರೋಜನ್ ಹಾಯಿಸಿ ಗಟ್ಟಿಮಾಡಿದ ಎಣ್ಣೆಯನ್ನು ಬಳಸಲೇಬಾರದು. ಹೀಗಾಗಿ ನೀವು ಮಗುವಿಗೆ ಒಗ್ಗರಣೆ ಎಣ್ಣೆ ಕುಡಿಸುತ್ತಿಲ್ಲ. ಅದು ಅಳೆದು ಹೊಂದಿಸಿದ ಮಿಶ್ರಣ. ಆ ಭಯವನ್ನು ದಯವಿಟ್ಟು ಬಿಡಿ.

ಆದರೂ ಎಣ್ಣೆಗಳನ್ನು ಎಷ್ಟೇ ಹೊಂದಿಸಿದರೂ ಎದೆಹಾಲಿನ ಕೊಬ್ಬು ಮರುಸೃಷ್ಟಿಯಾಗುವುದಿಲ್ಲ. ನಿಮ್ಮ ಎರಡನೆಯ ಪ್ರಶ್ನೆಯಾದ ಗಟ್ಟಿ ಮಲಕ್ಕೂ ಇದಕ್ಕೂ ನೇರ ಸಂಬಂಧವಿದೆ. ಕೊಬ್ಬಿನ ಒಂದೊಂದು ಅಣುವಿನಲ್ಲಿಯೂ ಗ್ಲಿಸರಾಲ್ ಎಂಬ ಬೆನ್ನೆಲುಬಿಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ: ಎರಡು ತುದಿಗಳಲ್ಲಿ, ಒಂದು ನಡುವೆ. ಎದೆಹಾಲಿನ ಕೊಬ್ಬಿನಾಮ್ಲಗಳಲ್ಲಿ ಐದನೆಯ ಒಂದರಿಂದ ನಾಲ್ಕನೆಯ ಒಂದು ಪಾಲಿನಷ್ಟು ಪಾಲ್ಮಿಟಿಕ್ ಆಮ್ಲವಿದ್ದು, ಅದರಲ್ಲಿ ಸುಮಾರು ಶೇಕಡಾ 70ರಷ್ಟು ನಡುವಿನ ಸ್ಥಾನದಲ್ಲಿ ಕುಳಿತಿರುತ್ತದೆ. ತಾಳೆ ಎಣ್ಣೆಯಲ್ಲಿ ಅದೇ ಆಮ್ಲ ಹೆಚ್ಚಾಗಿ ಎರಡು ತುದಿಗಳಲ್ಲಿರುತ್ತದೆ. ಮೇದೋಜೀರಕ ಗ್ರಂಥಿಯ ಕಿಣ್ವ ಕತ್ತರಿಸುವುದು ತುದಿಗಳನ್ನು. ನಡುವಿನದನ್ನು ಅದು ಹಾಗೆಯೇ ಬಿಡುತ್ತದೆ. ಹೀಗಾಗಿ ಎದೆಹಾಲಿನ ಪಾಲ್ಮಿಟಿಕ್ ಆಮ್ಲದ ಹೆಚ್ಚಿನ ಭಾಗ ಗ್ಲಿಸರಾಲಿನ ಜೊತೆಯಲ್ಲಿಯೇ ಸುಲಭವಾಗಿ ಹೀರಲ್ಪಡುತ್ತದೆ. ತಾಳೆ ಎಣ್ಣೆಯದು ಬಿಡಿಯಾಗಿ ಹೊರಬಂದು, ಕರುಳಿನಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ, ನೀರಿನಲ್ಲಿ ಕರಗದ ಸಾಬೂನಾಗುತ್ತದೆ. ಆ ಸಾಬೂನು ಮಲವನ್ನು ಗಟ್ಟಿಯಾಗಿಸುತ್ತದೆ. ಅದರೊಡನೆ ಒಂದಿಷ್ಟು ಕೊಬ್ಬು ಮತ್ತು ಕ್ಯಾಲ್ಸಿಯಂ ಕೂಡ ಹೊರಗೆ ಹೋಗುತ್ತವೆ.

ತಾಳೆ ಎಣ್ಣೆಯೇ ಮುಖ್ಯವಾಗಿರುವ ಪುಡಿಯನ್ನು ಕುಡಿದ ಶಿಶುಗಳಲ್ಲಿ ಕ್ಯಾಲ್ಸಿಯಂ ಹೀರಿಕೆ ಕಡಿಮೆ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ಇದನ್ನರಿತ ಕೆಲವು ತಯಾರಕರು ತಾಳೆ ಎಣ್ಣೆಯನ್ನು ಬಿಟ್ಟಿದ್ದಾರೆ. ಇನ್ನು ಕೆಲವರು ಕಿಣ್ವಗಳ ನೆರವಿನಿಂದ ಪಾಲ್ಮಿಟಿಕ್ ಆಮ್ಲವನ್ನು ನಡುವಿನ ಸ್ಥಾನಕ್ಕೆ ತಂದ ಕೊಬ್ಬನ್ನು ಬಳಸುತ್ತಾರೆ. ಅಂಥ ಪುಡಿ ಕುಡಿದ ಮಕ್ಕಳ ಮಲ ಮೃದುವಾಗಿರುತ್ತದೆ. ನಿಮ್ಮ ಡಬ್ಬಿಯಲ್ಲಿ ತಾಳೆ ಎಣ್ಣೆ ಮೊದಲ ಹೆಸರಾಗಿದ್ದು, ಮಗು ಮಲವಿಸರ್ಜನೆಗೆ ಬಹಳ ತಿಣುಕುತ್ತಿದ್ದರೆ, ಬೇರೆ ಪುಡಿಯ ವಿಷಯವನ್ನು ಮಕ್ಕಳ ವೈದ್ಯರಲ್ಲಿ ಕೇಳಬಹುದು. ಅದಕ್ಕೂ ಮೊದಲು ಪುಡಿಯ ಅಳತೆಯನ್ನು ಪರಿಶೀಲಿಸಿ. ಚಮಚದಲ್ಲಿ ಪುಡಿಯನ್ನು ಒತ್ತಿ ತುಂಬಿದರೆ ಅಥವಾ ಗೋಪುರದಂತೆ ಏರಿಸಿದರೆ ಹಾಲು ದಪ್ಪವಾಗಿ ಮಲಬದ್ಧತೆ ಬರುತ್ತದೆ. ಹಾಗೆಂದು ನೀರನ್ನು ಹೆಚ್ಚು ಹಾಕಿ ತೆಳುಮಾಡಲೂ ಬಾರದು. ಮಗುವಿಗೆ ಬೇಕಾದ ಕೊಬ್ಬು ಮತ್ತು ಪ್ರೋಟೀನ್ ಎರಡೂ ಕಡಿಮೆಯಾಗುತ್ತವೆ. ಮಲದಲ್ಲಿ ರಕ್ತ, ಹೊಟ್ಟೆಯುಬ್ಬರ ಅಥವಾ ಹಸಿರು ವಾಂತಿ ಕಂಡರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನೊಂದು ವ್ಯತ್ಯಾಸ ಕೊಬ್ಬಿನ ಹನಿಗಳದು. ಎದೆಹಾಲಿನಲ್ಲಿ ಕೊಬ್ಬು ಸುಮಾರು 4 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಗಾತ್ರದ ಹನಿಗಳಾಗಿ ತೇಲುತ್ತಿದ್ದು, ಪ್ರತಿ ಹನಿಯ ಸುತ್ತ ತಾಯಿಯ ಜೀವಕೋಶದಿಂದಲೇ ಬಂದ ತೆಳುವಾದ ಪೊರೆಯಿರುತ್ತದೆ. ಆ ಪೊರೆಯಲ್ಲಿ ಫಾಸ್ಫೋಲಿಪಿಡ್‌ಗಳು, ಕೊಲೆಸ್ಟ್ರಾಲ್ ಮತ್ತು ಸೋಂಕಿನ ವಿರುದ್ಧ ನೆರವಾಗುವ ಪ್ರೋಟೀನ್‌ಗಳು ಇರುತ್ತವೆ. ಡಬ್ಬಿ ಹಾಲಿನ ಹನಿಗಳು ಯಂತ್ರದಲ್ಲಿ ಒಡೆದು ಅರ್ಧ ಮೈಕ್ರಾನಿನಷ್ಟು ಸಣ್ಣದಾಗಿದ್ದು, ಅವುಗಳ ಮೇಲೆ ಹಸುವಿನ ಹಾಲಿನ ಪ್ರೋಟೀನಿನ ಲೇಪ ಮಾತ್ರ ಇರುತ್ತದೆ. ದೊಡ್ಡವರಾದ ನಾವು ಹೆದರುವ ಕೊಲೆಸ್ಟ್ರಾಲ್ ಎದೆಹಾಲಿನಲ್ಲಿ ಸಾಕಷ್ಟಿದೆ, ಸಸ್ಯಜನ್ಯ ಎಣ್ಣೆಯ ಪುಡಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬೆಳೆಯುವ ಮಿದುಳಿಗೂ ಜೀವಕೋಶಗಳ ಪೊರೆಗೂ ಅದು ಬೇಕಾದ ವಸ್ತುವಾದ್ದರಿಂದ ಇಲ್ಲಿ ಅದನ್ನು ದೋಷವೆಂದು ತಿಳಿಯಬಾರದು. ಸ್ವೀಡನ್ನಿನಲ್ಲಿ ಹಸುವಿನ ಹಾಲಿನಿಂದ ಬೇರ್ಪಡಿಸಿದ ಈ ಪೊರೆಯ ಅಂಶವನ್ನು ಪುಡಿಗೆ ಸೇರಿಸಿ ನಡೆಸಿದ, 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅದನ್ನು ಕುಡಿದ ಮಕ್ಕಳು ಒಂದು ವರ್ಷದ ವಯಸ್ಸಿನ ಗ್ರಹಣಶಕ್ತಿಯ ಪರೀಕ್ಷೆಯಲ್ಲಿ ಎದೆಹಾಲು ಕುಡಿದವರಿಗೆ ಹತ್ತಿರದ ಅಂಕ ಪಡೆದರು. ಭರವಸೆ ಹುಟ್ಟಿಸುವ ಫಲಿತಾಂಶವಾದರೂ ಒಂದು ಪ್ರಯೋಗದ ಮೇಲೆ ದೊಡ್ಡ ತೀರ್ಮಾನ ಕಟ್ಟುವುದು ಸರಿಯಲ್ಲ.

ಕೊನೆಯದಾಗಿ, ಎದೆಹಾಲು ತನ್ನ ಕೊಬ್ಬನ್ನು ಜೀರ್ಣಿಸುವ ಕಿಣ್ವವನ್ನು ತಾನೇ ತರುತ್ತದೆ. ಮಗುವಿನ ಕರುಳಿನ ಪಿತ್ತಲವಣಗಳು ತಗುಲಿದೊಡನೆ ಆ ಲೈಪೇಸ್ ಕಿಣ್ವ ಕೆಲಸ ಆರಂಭಿಸುತ್ತದೆ. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಶಿಶುವಿನ ಸ್ವಂತ ಮೇದೋಜೀರಕ ಗ್ರಂಥಿ ಇನ್ನೂ ಪೂರ್ಣಶಕ್ತಿಗೆ ಬಂದಿರುವುದಿಲ್ಲವಾದ್ದರಿಂದ ಈ ನೆರವು ದೊಡ್ಡದು. ಪುಡಿಯಲ್ಲಿ ಇದು ಇಲ್ಲ. ನೀವು ರಾತ್ರಿಯಾದರೂ ಎದೆಹಾಲು ಕೊಡುವುದನ್ನು ಉಳಿಸಿಕೊಂಡಿರುವುದು ಬಹಳ ಒಳ್ಳೆಯ ಕೆಲಸ. ದಯವಿಟ್ಟು ಅದನ್ನು ನಿಲ್ಲಿಸಬೇಡಿ.

ಪ್ರಶ್ನೆ: ನಮ್ಮ ಸೊಸೆ ಬಾಣಂತಿ. ಹಿಂಡಿ ತೆಗೆದ ಎದೆಹಾಲು ನೀಲಿ ಛಾಯೆಯಿಂದ ನೀರಿನಂತೆ ಕಾಣುತ್ತದೆ. ಹಾಲಿನಲ್ಲಿ ಸತ್ವವಿಲ್ಲವೆಂದು ದಿನವೂ ಅನ್ನಕ್ಕೆ ಹೆಚ್ಚು ತುಪ್ಪ ಬಡಿಸುತ್ತಿದ್ದೇವೆ. ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ಆಕಳಿದೆ. ಪೇಟೆಯ ಪುಡಿಗಿಂತ ಮನೆಯ ಆಕಳ ಹಾಲಿನ ಶುದ್ಧ ಕೊಬ್ಬು ಕೂಸಿಗೆ ಮೇಲಲ್ಲವೇ?
— ಒಬ್ಬ ಅತ್ತೆ, ಸಿರ್ಸಿ ತಾಲೂಕು

ಉತ್ತರ: ನಿಮ್ಮ ಪತ್ರದಲ್ಲಿ ಸೊಸೆಯ ಬಗೆಗಿನ ಕಾಳಜಿ ಎದ್ದು ಕಾಣುತ್ತದೆ, ಆದ್ದರಿಂದಲೇ ನೇರವಾಗಿ ಹೇಳುತ್ತೇನೆ. ಹಾಲು ತೆಳುವಾಗಿ ಕಾಣುವುದು ಸತ್ವಹೀನತೆಯ ಲಕ್ಷಣವಲ್ಲ. ಹಾಲೂಡಿಕೆಯ ಆರಂಭದಲ್ಲಿ ಬರುವ ಹಾಲಿನಲ್ಲಿ ಕೊಬ್ಬು ಕಡಿಮೆ. ಎದೆ ಬರಿದಾಗುತ್ತ ಹೋದಂತೆ ಕೊಬ್ಬು ಏರುತ್ತ, ಕೊನೆಯ ಹಾಲಿನಲ್ಲಿ ಮೊದಲಿನದಕ್ಕಿಂತ ಎರಡು ಮೂರು ಪಟ್ಟು ಇರಬಹುದು. ನೀವು ನೋಡಿದ್ದು ಬಹುಶಃ ಮೊದಲ ಹಾಲನ್ನು. ಮಗು ಒಂದು ಕಡೆ ಕುಡಿದು ತಾನಾಗಿಯೇ ಬಿಡುವವರೆಗೆ ಕಾದು, ಅನಂತರ ಇನ್ನೊಂದು ಕಡೆಗೆ ಹಾಕಿದರೆ ಎರಡೂ ಬಗೆಯ ಹಾಲು ಅದಕ್ಕೆ ಸಿಗುತ್ತದೆ. ಗಡಿಯಾರ ನೋಡಿ ನಡುವೆ ಬಿಡಿಸುವುದು ಬೇಡ. ಮಗು ದಿನಕ್ಕೆ ಆರಕ್ಕಿಂತ ಹೆಚ್ಚು ಸಲ ಮೂತ್ರ ಮಾಡುತ್ತಿದ್ದು, ತೂಕ ಸರಿಯಾಗಿ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ಅರ್ಥ. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಕ ಹಾಕಿಸಿ ತಾಯಿ ಕಾರ್ಡಿನ ರೇಖೆಯನ್ನು ನೋಡಿ. ಹಾಲಿನ ಬಣ್ಣಕ್ಕಿಂತ ಆ ರೇಖೆ ನಂಬಲರ್ಹ.

ತುಪ್ಪದ ವಿಷಯ. ತಾಯಿ ತಿನ್ನುವ ಜಿಡ್ಡು ಹಾಲಿನ ಕೊಬ್ಬಿನ ಬಗೆಯನ್ನು ಬದಲಿಸುತ್ತದೆಯೇ ಹೊರತು ಅದರ ಒಟ್ಟು ಪ್ರಮಾಣವನ್ನು ಹೆಚ್ಚು ಬದಲಿಸುವುದಿಲ್ಲ. ಹಾಲಿನ ಕೊಬ್ಬಿನ ದೊಡ್ಡ ಪಾಲು ಬರುವುದು ಗರ್ಭಿಣಿಯಾಗಿದ್ದಾಗ ಮೈಯಲ್ಲಿ ಸಂಗ್ರಹವಾದ ಕೊಬ್ಬಿನಿಂದ. ಉಳಿದದ್ದು ಆಯಾ ದಿನದ ಊಟದಿಂದ ಮತ್ತು ಎದೆಯ ಗ್ರಂಥಿಗಳು ತಾವೇ ತಯಾರಿಸಿಕೊಳ್ಳುವುದರಿಂದ. ನಮ್ಮ ಕಡೆಯಂತೆ ತೆಂಗಿನಕಾಯಿ, ಕೊಬ್ಬರಿ ಎಣ್ಣೆ ಬಳಸುವ ಮನೆಗಳಲ್ಲಿ ತಾಯಿಯ ಹಾಲಿನಲ್ಲಿ ಲಾರಿಕ್ ಆಮ್ಲ ಹೆಚ್ಚುವುದು ಕಂಡುಬರುತ್ತದೆ. ತುಪ್ಪ ಒಂದೆರಡು ಚಮಚ ಇರಲಿ, ಬಾಣಂತಿಗೆ ಅದು ರುಚಿ ಮತ್ತು ಶಕ್ತಿ ಎರಡನ್ನೂ ಕೊಡುತ್ತದೆ. ಆದರೆ ತುಪ್ಪದ ನೆಪದಲ್ಲಿ ಬೇಳೆ, ಸೊಪ್ಪು, ತರಕಾರಿ, ಹಣ್ಣುಗಳನ್ನು ಬಿಡಿಸಿದರೆ ಬಳಲುವವಳು ತಾಯಿ. ಬಾಣಂತಿಯ ತಟ್ಟೆಯಿಂದ ಸೊಪ್ಪು ತರಕಾರಿಗಳನ್ನು ದೂರವಿಡುವ ರೂಢಿ ಇನ್ನೂ ಎಷ್ಟೋ ಮನೆಗಳಲ್ಲಿ ಉಳಿದಿರುವುದು ನನಗೆ ನೋವಿನ ಸಂಗತಿ. ಜಿಡ್ಡಿನಲ್ಲಿ ಒಂದನ್ನು ಮಾತ್ರ ಖಂಡಿತ ದೂರವಿಡಿ: ವನಸ್ಪತಿಯಲ್ಲಿ ಮತ್ತು ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬು. ತಾಯಿ ತಿಂದರೆ ಅದು ಹಾಲಿಗೂ ಇಳಿಯುತ್ತದೆ. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ ಮತ್ತು ವನಸ್ಪತಿಗಳಲ್ಲಿ ಇದರ ಮಿತಿಯನ್ನು ಶೇಕಡಾ 2ಕ್ಕೆ ಇಳಿಸಲಾಗಿದೆ. ಆದರೂ ಕರಿದ ಎಣ್ಣೆಯನ್ನೇ ಪುನಃ ಕಾಯಿಸುವ ಅಂಗಡಿಯ ತಿಂಡಿಗಳ ಬಗ್ಗೆ ಎಚ್ಚರ ಬೇಕು.

ಇನ್ನು ಆಕಳ ಹಾಲು. ನಿಮ್ಮ ಆಕಳ ಹಾಲು ಎಷ್ಟೇ ಶುದ್ಧವಾಗಿದ್ದರೂ ಒಂದು ವರ್ಷ ತುಂಬುವವರೆಗೆ ಅದು ಎದೆಹಾಲಿನ ಅಥವಾ ಶಿಶುಗಳಿಗೆಂದೇ ಸಿದ್ಧಪಡಿಸಿದ ಪುಡಿಯ ಜಾಗವನ್ನು ತುಂಬಲಾರದು. ಅದರ ಕೊಬ್ಬಿನಾಮ್ಲಗಳಲ್ಲಿ ಮೂರನೆಯ ಎರಡು ಪಾಲಿನಷ್ಟು ಪರ್ಯಾಪ್ತ (ಸ್ಯಾಚುರೇಟೆಡ್) ಬಗೆಯವು. ಎದೆಹಾಲಿನಲ್ಲಿ ಅರ್ಧಕ್ಕಿಂತ ಕಡಿಮೆ. ಎದೆಹಾಲಿನಲ್ಲಿ ಬಹುತೇಕ ಕಾಣಸಿಗದ ಬ್ಯುಟಿರಿಕ್ ಆಮ್ಲ ಅದರಲ್ಲಿದೆ. ಬೇಕಾದ ಲಿನೋಲಿಕ್ ಆಮ್ಲ ಎದೆಹಾಲಿನಲ್ಲಿರುವುದರ ಒಂದು ಸಣ್ಣ ಅಂಶದಷ್ಟೇ. ಎಳೆಯ ಶಿಶು ಈ ಕೊಬ್ಬನ್ನು ಎದೆಹಾಲಿನ ಕೊಬ್ಬಿನಷ್ಟು ಚೆನ್ನಾಗಿ ಹೀರಿಕೊಳ್ಳುವುದಿಲ್ಲ. ಕೊಬ್ಬನ್ನು ಬದಿಗಿಟ್ಟರೂ, ಎದೆಹಾಲಿನ ಮೂರು ಪಟ್ಟು ಪ್ರೋಟೀನ್ ಮತ್ತು ಹೆಚ್ಚಿನ ಲವಣಗಳು ಎಳೆಯ ಮೂತ್ರಪಿಂಡಗಳಿಗೆ ಹೊರೆ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಬರುವ ಸಂಭವವೂ ಇದೆ. ನೀರು ಬೆರೆಸಿ ಕೊಡುವುದು ಇನ್ನೂ ತಪ್ಪು, ಏಕೆಂದರೆ ಆಗ ಶಕ್ತಿಯೇ ಕಡಿಮೆಯಾಗುತ್ತದೆ. ಸೊಸೆಯ ಹಾಲು ಇರುವಾಗ ಮಗುವಿಗೆ ಪುಡಿಯೂ ಬೇಡ, ಆಕಳ ಹಾಲೂ ಬೇಡ. ಆ ಗಿಡ್ಡ ಆಕಳ ಹಾಲನ್ನು ಸೊಸೆಗೇ ಕುಡಿಸಿ.

ಪ್ರಶ್ನೆ: ಮಿದುಳಿನ ಬೆಳವಣಿಗೆಗೆ ಡಿಎಚ್‌ಎ ಇರುವ ಪುಡಿ ಒಳ್ಳೆಯದೆಂದು ಅಂಗಡಿಯವರು ಹೇಳಿದರು, ಬೆಲೆ ಹೆಚ್ಚು. ಮನೆಯಲ್ಲಿ ಹಿರಿಯರು ಬಾಣಂತಿಗೆ ಬಂಗಡೆ, ತಾರ್ಲೆ ನಂಜು ಎಂದು ಕೊಡುವುದಿಲ್ಲ. ಮೋರಿ ಮೀನು ತಿಂದರೆ ಹಾಲು ಹೆಚ್ಚುತ್ತದೆ ಎನ್ನುತ್ತಾರೆ. ಯಾವುದು ಸರಿ?
— ಒಬ್ಬ ಓದುಗರು, ಅಂಕೋಲಾ

ಉತ್ತರ: ಡಿಎಚ್‌ಎ ಎಂಬುದು ಮಿದುಳು ಮತ್ತು ಕಣ್ಣಿನ ಅಕ್ಷಿಪಟಲದಲ್ಲಿ ಹೇರಳವಾಗಿರುವ ಒಮೆಗಾ-3 ಕೊಬ್ಬಿನಾಮ್ಲ. ಗರ್ಭದ ಕೊನೆಯ ಮೂರು ತಿಂಗಳು ಮತ್ತು ಮೊದಲ ಎರಡು ವರ್ಷ ಅದು ಮಿದುಳಿನಲ್ಲಿ ವೇಗವಾಗಿ ಶೇಖರವಾಗುತ್ತದೆ. ಎದೆಹಾಲಿನಲ್ಲಿ ಅದರ ಜಾಗತಿಕ ಸರಾಸರಿ ಒಟ್ಟು ಕೊಬ್ಬಿನಾಮ್ಲಗಳ ಶೇಕಡಾ 0.32ರಷ್ಟು. ಆದರೆ ಈ ಸರಾಸರಿಯ ಹಿಂದೆ ದೊಡ್ಡ ಏರಿಳಿತವಿದ್ದು, ಮೀನು ಕಡಿಮೆ ತಿನ್ನುವ ಕಡೆ ಶೇಕಡಾ 0.1ಕ್ಕೂ ಕೆಳಗೆ, ಜಪಾನಿನಂಥ ಕಡಲತಡಿಯ ಜನರಲ್ಲಿ ಶೇಕಡಾ 1ರ ಆಸುಪಾಸಿಗೆ ಹೋಗುತ್ತದೆ. ಅದರ ಜೊತೆಗಾರ ಎಆರ್‌ಎ ಎಂಬ ಒಮೆಗಾ-6 ಕೊಬ್ಬಿನಾಮ್ಲ ಮಾತ್ರ ಎಲ್ಲೆಡೆ ಸುಮಾರು ಶೇಕಡಾ 0.47ರ ಹತ್ತಿರ ಸ್ಥಿರವಾಗಿರುತ್ತದೆ. ಅಂದರೆ ಹಾಲಿನ ಡಿಎಚ್‌ಎ ತಾಯಿಯ ತಟ್ಟೆಯನ್ನು ಅನುಸರಿಸುತ್ತದೆ. ಅರಬ್ಬಿ ಸಮುದ್ರದ ದಡದಲ್ಲಿ ಕುಳಿತು ಬಾಣಂತಿಯ ತಟ್ಟೆಯಿಂದ ಬಂಗಡೆಯನ್ನು ತೆಗೆಯುವುದು, ಅನಂತರ ಅದೇ ಅಂಶಕ್ಕಾಗಿ ದುಬಾರಿ ಡಬ್ಬಿ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ನಷ್ಟದ ವ್ಯವಹಾರ.

ಬಂಗಡೆ ಮತ್ತು ತಾರ್ಲೆ ಎರಡೂ ಎಣ್ಣೆಯಂಶ ಹೆಚ್ಚಿರುವ ಮೀನುಗಳಾಗಿದ್ದು ಡಿಎಚ್‌ಎಯ ಒಳ್ಳೆಯ ಮೂಲಗಳು. ಗಾತ್ರದಲ್ಲಿ ಸಣ್ಣವಾದ್ದರಿಂದ ಅವುಗಳಲ್ಲಿ ಪಾದರಸ ಸೇರುವುದೂ ಕಡಿಮೆ. ವಾರಕ್ಕೆ ಎರಡು ಸಲ, ಕರಿಯುವುದಕ್ಕಿಂತ ಸಾರು ಅಥವಾ ಹುಳಿಯಾಗಿ ಮಾಡಿ ಬಡಿಸಿದರೆ ಸಾಕು. ತಾಜಾ ಇಲ್ಲದ ಬಂಗಡೆ ಮೈ ಕೆರೆತ, ದದ್ದುಗಳನ್ನು ತರುವುದು ನಿಜ. ಸರಿಯಾಗಿ ತಂಪಾಗಿಡದಿದ್ದರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಉಂಟಾಗುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಹಿರಿಯರ ನಂಜಿನ ಮಾತಿನ ಹಿಂದೆ ಇಂಥ ಅನುಭವ ಇದ್ದಿರಬಹುದು. ಆದ್ದರಿಂದ ತಾಜಾ ಮೀನನ್ನೇ ತನ್ನಿ; ತಾಯಿಗೆ ಮೊದಲಿನಿಂದ ಮೀನಿನ ಅಲರ್ಜಿ ಇದ್ದರೆ ಮಾತ್ರ ಬಿಡಿ. ಮೋರಿ, ಅಂದರೆ ಶಾರ್ಕ್ ಜಾತಿಯ ಮೀನುಗಳು, ಇತರ ಮೀನುಗಳನ್ನು ತಿಂದು ಬಹಳ ಕಾಲ ಬದುಕುವುದರಿಂದ ಅವುಗಳ ಮಾಂಸದಲ್ಲಿ ಪಾದರಸ ಶೇಖರವಾಗುತ್ತದೆ. ಹಾಲೂಡಿಸುವ ತಾಯಿಗೆ ಅವು ಬೇಡ. ಹಾಲು ಹೆಚ್ಚುವುದು ಮಗು ಪದೇ ಪದೇ ಕುಡಿದು ಎದೆ ಬರಿದಾದಾಗ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಂತು ಪೇಟೆಯಲ್ಲಿ ಮೀನು ಅಪರೂಪವಾದಾಗ ಗಾಬರಿಯಾಗಬೇಡಿ, ಮೈಯ ಸಂಗ್ರಹದಿಂದಲೂ ಹಾಲಿಗೆ ಡಿಎಚ್‌ಎ ಸೇರುತ್ತಿರುತ್ತದೆ.

ಮೀನು ತಿನ್ನದ ಘಟ್ಟದ ಮೇಲಿನ ತಾಯಂದಿರೂ ಇದೇ ಪ್ರಶ್ನೆ ಕೇಳುತ್ತಾರೆ. ಅಗಸೆ ಬೀಜ, ಅಕ್ರೋಟು, ಸೋಯಾ ಎಣ್ಣೆಗಳಲ್ಲಿರುವ ಆಲ್ಫಾ ಲಿನೋಲೆನಿಕ್ ಆಮ್ಲದಿಂದ ದೇಹ ಸ್ವಲ್ಪ ಡಿಎಚ್‌ಎ ತಯಾರಿಸಿಕೊಳ್ಳುತ್ತದೆ, ಆದರೆ ಬಹಳ ಸ್ವಲ್ಪ. ಹಾಲಿನ ಡಿಎಚ್‌ಎಯನ್ನು ನಿಜವಾಗಿ ಏರಿಸಬೇಕೆಂದಿದ್ದರೆ ಸಮುದ್ರದ ಪಾಚಿಯಿಂದ ತೆಗೆದ ಡಿಎಚ್‌ಎ ಗುಳಿಗೆಗಳಿವೆ. ದಿನಕ್ಕೆ 200 ಮಿಲಿಗ್ರಾಂ ಆಸುಪಾಸಿನ ಪ್ರಮಾಣವನ್ನು ವೈದ್ಯರನ್ನು ಕೇಳಿ ತೆಗೆದುಕೊಳ್ಳಬಹುದು.

ದುಬಾರಿ ಪುಡಿಯ ಮಾತಿಗೆ ಬರೋಣ. ಐರೋಪ್ಯ ಒಕ್ಕೂಟ 2020ರಿಂದ ಶಿಶುಗಳ ಪುಡಿಯಲ್ಲಿ ಡಿಎಚ್‌ಎಯನ್ನು ಕಡ್ಡಾಯ ಮಾಡಿದೆ. ಕೋಡೆಕ್ಸ್ ಅದನ್ನು ತಯಾರಕರ ಇಚ್ಛೆಗೆ ಬಿಟ್ಟು, ಸೇರಿಸುವುದಾದರೆ ಎಆರ್‌ಎ ಕೂಡ ಕನಿಷ್ಠ ಅಷ್ಟೇ ಇರಬೇಕೆನ್ನುತ್ತದೆ. ತಿಂಗಳು ತುಂಬಿ ಹುಟ್ಟಿದ ಮಕ್ಕಳಿಗೆ ಇದನ್ನು ಪುಡಿಯಲ್ಲಿ ಕೊಟ್ಟ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2017ರ ಕೊಕ್ರೇನ್ ವಿಮರ್ಶೆಗೆ ಬುದ್ಧಿಯಲ್ಲಾಗಲಿ ದೃಷ್ಟಿಯಲ್ಲಾಗಲಿ ಸ್ಥಿರವಾದ ಲಾಭ ಕಾಣಲಿಲ್ಲ. ಪುಡಿ ಕೊಡಲೇಬೇಕಾದ ಮನೆಯಲ್ಲಿ ಡಿಎಚ್‌ಎ ಇರುವುದನ್ನು ಕೊಂಡರೆ ಹಾನಿಯಿಲ್ಲ. ಅದಕ್ಕಾಗಿ ಸಾಲ ಮಾಡುವುದು, ಅಥವಾ ದುಬಾರಿಯೆಂದು ಪುಡಿಯ ಅಳತೆ ಕಡಿಮೆ ಮಾಡಿ ತೆಳುವಾಗಿ ಕಲಸುವುದು ಖಂಡಿತ ಹಾನಿ. ನಮ್ಮಲ್ಲಿ 1992ರ ಕಾಯ್ದೆ ಮತ್ತು ಅದಕ್ಕೆ 2003ರಲ್ಲಿ ಬಂದ ತಿದ್ದುಪಡಿ ಶಿಶುಗಳ ಹಾಲಿನ ಪುಡಿಯ ಜಾಹೀರಾತನ್ನೇ ನಿಷೇಧಿಸಿವೆ, ಡಬ್ಬಿಯ ಮೇಲೆ ಮಗುವಿನ ಚಿತ್ರ ಕೂಡ ಇರುವಂತಿಲ್ಲ. ಮಿದುಳು ಚುರುಕಾಗುತ್ತದೆ ಎಂದು ಅಂಗಡಿಯ ಕಟ್ಟೆಯಲ್ಲಿ ಯಾರಾದರೂ ಹೇಳಿದರೆ ಅದನ್ನು ಸಲಹೆಯೆಂದು ಎಣಿಸಬೇಡಿ.

ಪ್ರಶ್ನೆ: ಹಿಂಡಿಟ್ಟ ಎದೆಹಾಲಿನ ಮೇಲೆ ಕೆನೆಯಂತೆ ಪದರ ಕಟ್ಟುತ್ತದೆ, ಕೆಲವೊಮ್ಮೆ ಸಾಬೂನಿನ ವಾಸನೆ ಬರುತ್ತದೆ. ಕೆಟ್ಟಿದೆಯೇ?
— ಒಬ್ಬ ತಾಯಿ, ಹೊನ್ನಾವರ

ಉತ್ತರ: ಪದರ ಕಟ್ಟುವುದು ಸಹಜ. ಎದೆಹಾಲಿನ ಕೊಬ್ಬಿನ ಹನಿಗಳು ಹಗುರವಾದ್ದರಿಂದ ಮೇಲೆ ಬರುತ್ತವೆ. ಪಾತ್ರೆಯನ್ನು ಮೆಲ್ಲನೆ ತಿರುಗಿಸಿದರೆ ಮತ್ತೆ ಬೆರೆಯುತ್ತವೆ. ಬದಿಗಳಿಗೆ ಅಂಟಿದ ಜಿಡ್ಡನ್ನು ಬಿಡದೆ ಬೆರೆಸಿಕೊಳ್ಳಿ, ಶಕ್ತಿಯ ದೊಡ್ಡ ಪಾಲು ಅದರಲ್ಲಿಯೇ ಇದೆ. ಸಾಬೂನಿನ ವಾಸನೆಗೆ ಕಾರಣ, ಮೇಲೆ ಹೇಳಿದ ಲೈಪೇಸ್ ಕಿಣ್ವ ಫ್ರಿಜ್ಜಿನಲ್ಲಿಯೂ ನಿಧಾನವಾಗಿ ಕೊಬ್ಬನ್ನು ಒಡೆಯುತ್ತಿರುವುದು. ಹಾಲು ಹುಳಿಯಾಗಿರದಿದ್ದರೆ ಅದನ್ನು ಕುಡಿಸಬಹುದು. ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಎಂಬ ಲೆಕ್ಕ 25 ಡಿಗ್ರಿಯ ಹವೆಗೆ ಮತ್ತು ನಿಲ್ಲದ ವಿದ್ಯುತ್ತಿಗೆ ಹೇಳಿದ್ದು. ಕರಾವಳಿಯ ಸೆಕೆಯಲ್ಲಿ, ಮಳೆಗಾಲದಲ್ಲಿ ವಿದ್ಯುತ್ ಹೋಗುವ ಊರುಗಳಲ್ಲಿ, ಹೊರಗಿಟ್ಟ ಹಾಲನ್ನು ಇನ್ನೂ ಬೇಗ ಮತ್ತು ಫ್ರಿಜ್ಜಿನದನ್ನು ಒಂದು ದಿನದೊಳಗೆ ಮುಗಿಸುವುದು ಕ್ಷೇಮ. ಒಲೆಯ ಮೇಲೆ ಕುದಿಸಬೇಡಿ, ಕಿಣ್ವ ನಾಶವಾಗುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಉಗುರುಬೆಚ್ಚಗೆ ಮಾಡಿ, ಬಾಟಲಿಗಿಂತ ಒಳಲೆಯಲ್ಲಿ ಕುಡಿಸಿ.

ಪ್ರಶ್ನೆ: ಮಗುವಿನ ತೂಕ ಏರಲೆಂದು ಡಬ್ಬಿ ಹಾಲಿಗೆ ಒಂದು ಚಮಚ ತುಪ್ಪ ಅಥವಾ ಕೊಬ್ಬರಿ ಎಣ್ಣೆ ಸೇರಿಸಬಹುದೇ?
— ಓದುಗರು, ಭಟ್ಕಳ

ಉತ್ತರ: ಬೇಡ. ಪುಡಿಯಲ್ಲಿ ಕೊಬ್ಬು, ಪ್ರೋಟೀನ್, ಲವಣಗಳ ನಡುವೆ ಹೊಂದಾಣಿಕೆ ಇದೆ. ಹೊರಗಿನಿಂದ ಜಿಡ್ಡು ಸೇರಿಸಿದರೆ ಅದು ಹಾಲಿನಲ್ಲಿ ಬೆರೆಯದೆ ಮೇಲೆಯೇ ತೇಲುತ್ತದೆ, ಮಗುವಿಗೆ ಭೇದಿಯಾಗಬಹುದು. ಎಣ್ಣೆ ಶ್ವಾಸನಾಳಕ್ಕೆ ಇಳಿದರೆ ಅಪಾಯ. ಆಸ್ಪತ್ರೆಗಳಲ್ಲಿ ತೂಕ ಕಡಿಮೆ ಇರುವ ಶಿಶುಗಳಿಗೆ ಕೊಬ್ಬು ಸೇರಿಸುವುದುಂಟು. ಅದನ್ನು ವೈದ್ಯರು ಅಳೆದು, ಕಣ್ಣಿಟ್ಟು ಮಾಡುತ್ತಾರೆ. ತೂಕ ಏರದಿದ್ದರೆ ಪುಡಿಯನ್ನು ಕಲಸುವ ಕ್ರಮವನ್ನು ಮೊದಲು ನೋಡಿ. ನೀರನ್ನು ಚೆನ್ನಾಗಿ ಕುದಿಸಿ, ಇಳಿಸಿ, ಅರ್ಧ ಗಂಟೆಯೊಳಗೆ, ಅಂದರೆ 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲು, ಡಬ್ಬಿಯಲ್ಲಿ ಹೇಳಿದ ಅಳತೆಯ ನೀರಿಗೆ ಮಟ್ಟಸ ಚಮಚದಲ್ಲಿ ಪುಡಿ ಹಾಕಿ ಕಲಸಬೇಕು. ಪುಡಿ ಕ್ರಿಮಿರಹಿತವಲ್ಲವಾದ್ದರಿಂದ ಆ ಬಿಸಿ ಬೇಕು. ಅನಂತರ ಉಗುರುಬೆಚ್ಚಗಾಗುವವರೆಗೆ ಆರಿಸಿ ಕುಡಿಸಿ. ಕಲಸಿದ ಎರಡು ಗಂಟೆಯೊಳಗೆ ಕುಡಿಯದೆ ಉಳಿದದ್ದನ್ನು ಚೆಲ್ಲಿಬಿಡಿ. ಇಷ್ಟಾಗಿಯೂ ಎರಡು ವಾರದಲ್ಲಿ ತೂಕ ಏರದಿದ್ದರೆ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಿ. ಮೂರು ತಿಂಗಳಿಗಿಂತ ಎಳೆಯ ಕೂಸಾಗಿದ್ದರೆ ಎರಡು ವಾರವೂ ಕಾಯಬೇಡಿ.